ಕಾಲು ತಾಗಿದರೆ ಗೊತ್ತು, ಮಾತು ತಾಗಿದರೆ?

ಡೊಂಬಿವಲಿಯಿಂದ ಮುಂಬಯಿಗೆ ಬೆಳಿಗ್ಗೆಯ ಫಾಸ್ಟ್ ಲೋಕಲ್ ರೈಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಅರ್ಧ ಕೂತು, ಅರ್ಧ ಗಾಳಿಯಲ್ಲಿ ತೂಗುತ್ತಾ, ಎದುರಿನವರ ಮೊಣಕಾಲಿಗೆ ನಮ್ಮ ಮೊಣಕಾಲು ತಾಗಿಸಿಕೊಂಡೇ ಥಾಣೆ ದಾಟಬೇಕು. ಎರಡು ಸೀಟಿನ ನಡುವೆ ಮತ್ತೆ ಮೂವರೋ ನಾಲ್ವರೋ ನಿಂತಿರುತ್ತಾರೆ. ಗಾಡಿ ಒಮ್ಮೆ ಜಗ್ಗಿತು ಅಂದರೆ ಯಾರದೋ ಚಪ್ಪಲಿ ಯಾರದೋ ಪಾದದ ಮೇಲೆ. ಆಗ ಏನಾಗುತ್ತದೆ, ಗಮನಿಸಿದ್ದೀರಾ? ಕಾಲು ತಾಗಿಸಿದವನ ಬಲಗೈ ತಾನಾಗಿ ಹೋಗಿ ಎದುರಿನವನ ಮೊಣಕಾಲನ್ನೋ ಭುಜವನ್ನೋ ಮುಟ್ಟುತ್ತದೆ, ಆಮೇಲೆ ತನ್ನ ಎದೆಗೋ ಹಣೆಗೋ ಬರುತ್ತದೆ. ಕಿವಿಯಲ್ಲಿ ಇಯರ್‌ಫೋನ್, ಕಣ್ಣು ಮೊಬೈಲಿನ ಮೇಲೆ, ಆದರೂ ಕೈ ತನ್ನ ಕೆಲಸ ಮುಗಿಸಿರುತ್ತದೆ. ಎದುರಿನವನೂ ಸುಮ್ನೆ ತಲೆ ಆಡಿಸಿರುತ್ತಾನೆ. ಅಲ್ಲಿಗೆ ಮುಗಿಯಿತು.

ಯಾರೂ "ನಾನು ಬೇಕಂತ ತುಳಿಯಲಿಲ್ಲ" ಅನ್ನುವುದಿಲ್ಲ. ಗಾಡಿ ಜಗ್ಗಿದರೆ ನಾನೇನು ಮಾಡಲಿ ಅಂತ ವಾದ ಇಲ್ಲ. ಎಷ್ಟು ನೋವಾಯಿತು, ನೋವಾಗುವಷ್ಟು ಜೋರಾಗಿ ತಾಗಿತಾ ಅಂತ ಅಳತೆಯೂ ಇಲ್ಲ. ಕಾಲು ತಾಗಿತು, ಅಷ್ಟು ಸಾಕು.

ಇಪ್ಪತ್ತಕ್ಕೂ ಜಾಸ್ತಿ ವರ್ಷದಿಂದ ಈ ಗಾಡಿಯಲ್ಲಿ ಫೋರ್ಟಿಗೆ ಹೋಗಿ ಬರುತ್ತಿದ್ದೇನೆ. ಕಾಲಿನ ವಿಷಯದಲ್ಲಿ ನಾನು ಬಹಳ ಸಭ್ಯ. ನಾಲಿಗೆಯ ವಿಷಯಕ್ಕೆ ಈಗ ಬರುತ್ತೇನೆ.

ಕಳೆದ ವರ್ಷ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಸಣ್ಣ ಮನೆ. ಸೋಫಾ ಎತ್ತಿ ಹೊರಗೆ ಇಟ್ಟು ಜಾಗ ಮಾಡಿದ್ದೆವು. ಬಿಲ್ಡಿಂಗಿನ ಮತ್ತು ಹಿಂದಿನ ಗಲ್ಲಿಯ ಕನ್ನಡದವರೆಲ್ಲ ಬಂದಿದ್ದರು. ಮುಂಬಯಿಯಲ್ಲಿ ಕನ್ನಡದವರು ಅಂದರೆ ಎಲ್ಲರೂ ಸೇರಿದ ಲೆಕ್ಕ. ನಮ್ಮ ಹಾಗೆ ಮನೆಯಲ್ಲಿ ತುಳು ಮಾತಾಡುವವರು, ಕುಂದಾಪುರದವರು, ಒಂದು ಹುಬ್ಬಳ್ಳಿ ಮನೆ, ಒಂದು ಕಲಬುರಗಿ ಮನೆ, ಮತ್ತೆ ಐದನೇ ಮಹಡಿಯ ಮಾವಶಿ.

ಮಾವಶಿ ಅಕ್ಕಲಕೋಟೆ ತಾಲ್ಲೂಕಿನವರು, ಸೊಲ್ಲಾಪುರ ಜಿಲ್ಲೆ. ಆ ಕಡೆ ಎಷ್ಟೋ ಹಳ್ಳಿಗಳು ಕನ್ನಡವನ್ನೇ ಮಾತಾಡುತ್ತವೆ, ಕನ್ನಡ ಶಾಲೆಗಳೂ ಇವೆ. ಆದರೆ 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಅದು ಮುಂಬಯಿ ರಾಜ್ಯದಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರ ಆಯಿತು. ಹಾಗಾಗಿ ಮಾವಶಿಗೆ ಮನೆಮಾತು ಕನ್ನಡ, ಪೇಟೆಯ ಮಾತು ಮರಾಠಿ, ಬಾಯಿ ತೆರೆದರೆ ಎರಡೂ ಕೈಕೈ ಹಿಡಿದುಕೊಂಡು ಬರುತ್ತವೆ. ಅವತ್ತು ಊಟ ಮಾಡುತ್ತಾ ನನ್ನನ್ನು ಕರೆದು ಅಂದರು, "ಜೇವಣ ಏಕದಮ್ ಮಸ್ತ್ ಆಗೇತಿ ನೋಡ್ ತಮ್ಮಾ, ಭಾಜಿ ಅಂತೂ ಫಾರಚ್ ಛಲೋ."

ನಾನು ಬಡಿಸುವ ಸೌಟು ಕೈಯಲ್ಲಿ ಹಿಡಿದುಕೊಂಡೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಮಾವಶಿ, ನಿಮ್ಮ ಕನ್ನಡಕ್ಕೆ ಕೆಳಗಡೆ ಒಂದು ಸಬ್‌ಟೈಟಲ್ ಹಾಕಿಸಬೇಕು ನೋಡಿ!"

ಮನೆ ತುಂಬ ನಗು. ಹುಬ್ಬಳ್ಳಿಯವರೂ ನಕ್ಕರು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಬಹಳ ಖುಷಿಯಾಯಿತು. ತಮಾಷೆ ಸರಿಯಾದ ಹೊತ್ತಿಗೆ ಬಿದ್ದರೆ ಆಗುವ ಖುಷಿ ಇದೆಯಲ್ಲ, ಅದು. ಮಾವಶಿಯೂ ಸ್ವಲ್ಪ ನಕ್ಕರು. "ಹೌದ್ರಿ ಸಾಹೇಬ್ರ" ಅಂದರು.

ತಮ್ಮಾ ಅನ್ನುತ್ತಿದ್ದವರು ಸಾಹೇಬ್ರ ಅಂದರು. ನನ್ನ ಕಿವಿಗೆ ಅದು ಬಿತ್ತು, ತಲೆಗೆ ಹೋಗಲಿಲ್ಲ. ಆಗಲೇ ಇನ್ನೊಬ್ಬರು ಅನ್ನ ಕೇಳಿದರು, ನಾನು ಅತ್ತ ತಿರುಗಿದೆ.

ರಾತ್ರಿ ಪಾತ್ರೆ ಎತ್ತಿಡುವಾಗ ಹೆಂಡತಿ ಶುರು ಮಾಡಿದಳು. ಮಾವಶಿ ಪಾಯಸ ಬಿಟ್ಟು ಎದ್ದರು, ಪ್ರಸಾದದ ಸಜ್ಜಿಗೆಯನ್ನೂ ಕಟ್ಟಿಸಿಕೊಳ್ಳಲಿಲ್ಲ, ನೋಡಿದ್ರಾ ಅಂತ. ಅಯ್ಯೋ, ತಮಾಷೆಗೆ ಹೇಳಿದ್ದು ಅಂದೆ. "ನಿಮಗೆ ತಮಾಷೆ. ಈಗಲೇ ಮೇಲೆ ಹೋಗಿ ಒಂದು ಮಾತು ಹೇಳಿ ಬನ್ನಿ, ಎರಡು ಮಹಡಿ ಅಷ್ಟೇ ಅಲ್ವಾ?" ಅಂತ ತುಳುವಿನಲ್ಲೇ ಗದರಿದಳು. ಗಂಟೆ ಹತ್ತೂವರೆ. ಇಷ್ಟು ಹೊತ್ತಿಗೆ ಯಾರ ಮನೆಯ ಬಾಗಿಲು ತಟ್ಟುವುದು, ನಾಳೆ ನೋಡೋಣ ಅಂದೆ.

ನಾಳೆ ಆಫೀಸಿನಲ್ಲಿ ತಿಂಗಳ ಕೊನೆಯ ಲೆಕ್ಕ. ಅದರ ಮರುದಿನ ಮಳೆಗೆ ಲೋಕಲ್ ನಿಂತು ಮನೆ ಸೇರುವಾಗ ರಾತ್ರಿ ಹನ್ನೊಂದು. ಭಾನುವಾರ ಅವರ ಮನೆಯ ಮುಂದೆ ಯಾರದೋ ಚಪ್ಪಲಿ ಇದ್ದವು, ನೆಂಟರಿರಬೇಕು, ನೆಂಟರ ಎದುರು ಬೇಡ ಅಂತ ವಾಪಸ್ ಬಂದೆ. ನೋಡಿ, ಒಂದೊಂದು ದಿನಕ್ಕೂ ನನ್ನ ಹತ್ತಿರ ಒಂದೊಂದು ಕಾರಣ ಇತ್ತು, ಒಂದೂ ಸುಳ್ಳಲ್ಲ, ಎಲ್ಲ ಸೇರಿಸಿದರೆ ಮಾತ್ರ ದೊಡ್ಡ ಸುಳ್ಳು. ನಿಜವಾದ ಕಾರಣ ಇಷ್ಟೇ: ನನಗೆ ನಾಚಿಕೆಯಾಗುತ್ತಿತ್ತು. ಅದೂ ತಪ್ಪು ಮಾಡಿದ್ದಕ್ಕಲ್ಲ, ಹೋಗಿ ಹೇಳಬೇಕಲ್ಲ ಅನ್ನುವುದಕ್ಕೆ.

ಮೊದಲನೇ ದಿನ ಹೋಗಿದ್ದರೆ ಬಾಗಿಲಲ್ಲೇ ನಿಂತು ಒಂದು ಮಾತು ಸಾಕಿತ್ತು. "ಮಾವಶಿ, ನಾನು ಹಾಗೆ ಅನ್ನಬಾರದಿತ್ತು." ಐದನೇ ದಿನಕ್ಕೆ ಹೋದರೆ, ಇಷ್ಟು ದಿನ ಬಿಟ್ಟು ಈಗ ಯಾಕೆ ಬಂದೆ ಅಂತಲೂ ಹೇಳಬೇಕು. ಹನ್ನೆರಡನೇ ದಿನಕ್ಕೆ ತಪ್ಪು ಎರಡಾಯಿತು, ಆಡಿದ್ದು ಒಂದು, ಸುಮ್ಮನಿದ್ದದ್ದು ಇನ್ನೊಂದು. ಅಷ್ಟು ಹೊತ್ತಿಗೆ ಮನಸ್ಸು ಒಂದು ಒಳ್ಳೆಯ ಉಪಾಯ ಹುಡುಕಿಕೊಡುತ್ತದೆ. ಅವರು ಮರೆತಿರುತ್ತಾರೆ, ಕೆದಕುವುದು ಯಾಕೆ ಅಂತ.

ಮರೆತಿರುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿರಬೇಕಿತ್ತು. ಯಾಕೆಂದರೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಂಗಳೂರಿಗೆ ಹೋಗಿದ್ದಾಗ, ಒಬ್ಬ ಪುಣ್ಯಾತ್ಮ ನನ್ನ ಮಾತು ಕೇಳಿ "ಏನ್ ಸಾರ್, ವಾರ್ತೆ ಓದ್ತಿದ್ದೀರಾ?" ಅಂದಿದ್ದ. ಟೇಬಲ್ ಸುತ್ತ ಇದ್ದವರೆಲ್ಲ ನಕ್ಕಿದ್ದರು. ಮನೆಯಲ್ಲಿ ತುಳು ಮಾತಾಡಿ ಬೆಳೆದವರು ಕನ್ನಡವನ್ನು ಕಲಿಯುವುದು ಶಾಲೆಯಲ್ಲಿ, ಪುಸ್ತಕದಿಂದ. ಹಾಗಾಗಿ ನಮ್ಮ ಬಾಯಲ್ಲಿ "ಹೋಗುತ್ತೇನೆ, ಬರುತ್ತೇನೆ" ಅಂತ ಪೂರ್ತಿ ಪೂರ್ತಿಯಾಗಿ ಬರುತ್ತದೆ. ಅವನು ಹೇಳಿದ್ದು ತಮಾಷೆಗೇ. ಅವನಿಗೆ ಖಂಡಿತ ನೆನಪಿಲ್ಲ. ನನಗೆ ಅವನು ಹಾಕಿದ್ದ ಶರ್ಟಿನ ಬಣ್ಣವೂ ನೆನಪಿದೆ. ಇಷ್ಟೆಲ್ಲ ಅನುಭವ ಇಟ್ಟುಕೊಂಡ ಮನುಷ್ಯ ಅದೇ ಚಾಟಿಯನ್ನು ಇನ್ನೊಬ್ಬರ ಕಡೆ ಬೀಸಿದ್ದೆ. ಅದೂ ಕನ್ನಡವೇ ತಾಯಿನುಡಿ ಆದವರ ಕನ್ನಡದ ಮೇಲೆ.

ನನ್ನ ಅಪ್ಪನಿಗೆ ಈ ತಡ ಅನ್ನುವುದೇ ಗೊತ್ತಿರಲಿಲ್ಲ. ಅವರು ಹದಿಮೂರನೇ ವರ್ಷಕ್ಕೆ ಕಾರ್ಕಳದ ಕಡೆಯ ಹಳ್ಳಿಯಿಂದ ಮಾಟುಂಗಾದ ಒಂದು ಹೋಟೆಲಿಗೆ ಬಂದವರು. ಮೊದಲು ಮೋರಿಯಲ್ಲಿ, ಅಂದರೆ ಪಾತ್ರೆ ತೊಳೆಯುವ ಜಾಗದಲ್ಲಿ, ಲೋಟ ತೊಳೆದು, ಆಮೇಲೆ ಟೇಬಲ್ ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗಿ ಓದಿ, ಕೊನೆಗೆ ಸಪ್ಲಾಯರ್ ಆದರು. ಆ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ಹುಡುಗರ ದಾರಿ ಅದೇ. ಅಪ್ಪ ಹೇಳುತ್ತಿದ್ದರು, ಹೋಟೆಲಿನಲ್ಲಿ ತಾವು ಕಲಿತ ಮೊದಲ ಇಂಗ್ಲಿಷ್ ಮಾತು "ಸಾರಿ ಸಾಬ್" ಅಂತೆ. ಅದರಲ್ಲಿ ಇಂಗ್ಲಿಷ್ ಅರ್ಧವೇ ಇದೆ, ಆ ಮಾತು ಬೇರೆ. ಸಾಂಬಾರು ಗಿರಾಕಿಯ ಪ್ಯಾಂಟಿನ ಮೇಲೆ ಚೆಲ್ಲಿದರೆ ಮೊದಲು ಬಾಯಿ, ಆಮೇಲೆ ಬಟ್ಟೆ. ಅಂದರೆ, ಒರೆಸುವ ಬಟ್ಟೆ ಹುಡುಕುವುದಕ್ಕೆ ಮೊದಲೇ ಸಾರಿ ಬಂದಿರಬೇಕು. ಗಿರಾಕಿಯೇ ಮೊಣಕೈ ಚಾಚಿದ್ದರೂ ಅದನ್ನು ಎತ್ತಬಾರದು. ಚೆಲ್ಲಿದ್ದು ನಿನ್ನ ಕೈಯಿಂದ, ಅಷ್ಟೇ. ಬಟ್ಟೆ ತರಲು ಒಳಗೆ ಓಡಿದರೆ ಆ ಅರ್ಧ ನಿಮಿಷದಲ್ಲಿ ಗಿರಾಕಿ ಗಲ್ಲಾಕ್ಕೆ ಹೋಗಿ ಯಜಮಾನರ ಮುಂದೆ ನಿಂತಿರುತ್ತಾನೆ. ಸಾಂಬಾರಿನ ಕಲೆ ಹಾಗೇ ಇರುತ್ತದೆ, ಆದರೆ ಕೋಪ ಆ ಅರ್ಧ ನಿಮಿಷದಲ್ಲಿ ಹುಟ್ಟುತ್ತದೆ ಅಂತ ಅಪ್ಪನ ಲೆಕ್ಕ. ಅವರ ಮಗ ಪದವಿ ಓದಿ ಫೋರ್ಟಿನಲ್ಲಿ ಏಸಿಯಲ್ಲಿ ಕೂತು ಲೆಕ್ಕ ಬರೆಯುತ್ತಾನೆ, ಈ ಲೆಕ್ಕ ಮಾತ್ರ ಬರಲಿಲ್ಲ.

ಮೂರು ವಾರ ಕಳೆಯಿತು. ಈ ಮಧ್ಯೆ ಮಾವಶಿ ಲಿಫ್ಟಿನಲ್ಲಿ ಎರಡು ಸಲ ಸಿಕ್ಕಿದ್ದರು. ಮಾತಾಡಿದರು. ಮಳೆ, ನೀರು ಬರುವ ಟೈಮು, ಅಷ್ಟೇ. ಜಗಳ ಆಡಿದ್ದರೆ ಚೆನ್ನಾಗಿತ್ತು ಅನ್ನಿಸುವಷ್ಟು ಮರ್ಯಾದೆಯ ಮಾತು.

ಆಗ ಜೈನರ ಸಂವತ್ಸರಿ ಬಂತು. ಮುಂಬಯಿಯಲ್ಲಿ ಇರುವವರಿಗೆ ಇದು ಗೊತ್ತು. ಶ್ವೇತಾಂಬರ ಜೈನರ ಪರ್ಯುಷಣ ಹಬ್ಬದ ಕೊನೆಯ ದಿನ, ಗಣಪತಿ ಕೂರುವ ಹೊತ್ತಿಗೇ ಬರುತ್ತದೆ. ಅವತ್ತು ಫೋನು ತುಂಬ "ಮಿಚ್ಛಾಮಿ ದುಕ್ಕಡಂ". ಪ್ರಾಕೃತದ ಮಾತು, ಮಾಡಿದ ಕೆಟ್ಟದ್ದು ಇಲ್ಲವಾಗಲಿ ಅಂತ ಅರ್ಥ. ಕಿರಾಣಿ ಅಂಗಡಿಯವನು, ಸಿಎ, ಒಂದು ಕಾಲದಲ್ಲಿ ಮನೆ ಬಾಡಿಗೆಗೆ ಕೊಡಿಸಿದ ಏಜೆಂಟ್, ಎಲ್ಲರೂ ನನ್ನಲ್ಲಿ ಕ್ಷಮೆ ಕೇಳುತ್ತಾರೆ. ಆ ಏಜೆಂಟ್ ಕೇಳುವುದಕ್ಕೆ ಸ್ವಲ್ಪ ಕಾರಣವೂ ಇದೆ. ಇದರ ಬಗ್ಗೆ ಮೊದಲೆಲ್ಲ ನನಗೆ ನಗು ಬರುತ್ತಿತ್ತು. ಆದರೆ ನಮ್ಮ ಆಫೀಸಿನ ಒಬ್ಬ ಗುಜರಾತಿ ಗೆಳೆಯ ಒಂದು ಕೆಲಸ ಮಾಡುತ್ತಾನೆ. ಎಲ್ಲರಿಗೂ ಮೆಸೇಜ್ ಕಳಿಸಿದ ಮೇಲೆ ನಾಲ್ಕೈದು ಜನರಿಗೆ ಮಾತ್ರ ಫೋನ್ ಮಾಡುತ್ತಾನೆ. ಆ ವರ್ಷ ತಾನು ನಿಜಕ್ಕೂ ನೋಯಿಸಿದ್ದೇನೆ ಅಂತ ಗೊತ್ತಿರುವವರಿಗೆ. ಗೊತ್ತಿಲ್ಲದ ತಪ್ಪಿಗೆ ಮೆಸೇಜ್ ಸಾಕು, ಗೊತ್ತಿರುವ ತಪ್ಪಿಗೆ ಬಾಯಿ ಬಿಡಬೇಕು ಅನ್ನುತ್ತಾನೆ.

ನಾನು ಏನು ಮಾಡಿದೆ ಅಂದರೆ, ಆ ದಿನದ ಗಾಳಿ ನೋಡಿಕೊಂಡು ತೂರಿದೆ. ಮಾವಶಿಗೆ ವಾಟ್ಸಾಪಿನಲ್ಲಿ ಬರೆದೆ. "ಅವತ್ತು ನನ್ನ ಮಾತಿನಿಂದ ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ. ನನ್ನ ಉದ್ದೇಶ ಹಾಗಿರಲಿಲ್ಲ." ಜೊತೆಗೆ ಕೈ ಮುಗಿಯುವ ಚಿತ್ರ ಎರಡು.

ಈಗ ಆ ಎರಡು ಸಾಲು ಓದಿದರೆ ಮೈ ಉರಿಯುತ್ತದೆ. "ಬೇಜಾರಾಗಿದ್ದರೆ" ಅಂತೆ. ಆ "ದ್ದರೆ"ಯಲ್ಲಿ ಎಷ್ಟು ಕಿಲಾಡಿತನ ಇದೆ ನೋಡಿ. ಬೇಜಾರಾಗಿಲ್ಲ ಅಂದರೆ ನನ್ನ ತಪ್ಪೇ ಇಲ್ಲ, ಆಗಿದ್ದರೆ ಅದನ್ನು ನೀವೇ ಹೇಳಬೇಕು. ಇನ್ನು ಉದ್ದೇಶದ ಮಾತು. ಅವರು ನನ್ನ ಉದ್ದೇಶ ಏನು ಅಂತ ಕೇಳಿದ್ದರಾ? ಲೋಕಲಿನಲ್ಲಿ ಕಾಲು ತುಳಿದು "ನನ್ನ ಉದ್ದೇಶ ನಿಮ್ಮ ಹೆಬ್ಬೆರಳಾಗಿರಲಿಲ್ಲ" ಅಂತ ಯಾರಾದರೂ ಅನ್ನುತ್ತಾರಾ? "ಕ್ಷಮಿಸಿ" ಅನ್ನುವುದೂ ನಮ್ಮ ಮನೆಗಳ ಮಾತಲ್ಲ, ಅದು ಸ್ಟೇಜಿನದು, ತಾಂತ್ರಿಕ ತೊಂದರೆಗೆ ಕೇಳುವಂಥದ್ದು. ಮನೆಯಲ್ಲಿ ನಾವು ಅನ್ನುವುದು "ತಪ್ಪಾಯ್ತು". ಅದರಲ್ಲೂ ಒಂದು ಸಣ್ಣ ಮೋಸ ಇದೆ ಅಂತ ನನಗೀಗ ಅನ್ನಿಸುತ್ತದೆ. ತಪ್ಪು ಆಯ್ತು, ಮಳೆ ಆಯ್ತು, ಕತ್ತಲೆ ಆಯ್ತು ಅನ್ನುವ ಹಾಗೆ, ಮಾಡಿದವನು ಎಲ್ಲೂ ಕಾಣುವುದಿಲ್ಲ. ಮರಾಠಿಯವರು "ಚುಕ್ಲಂ ಮಾಝಂ" ಅನ್ನುತ್ತಾರೆ. ಅಲ್ಲಿ "ನನ್ನದು" ಅನ್ನುವುದು ಮಾತಿನ ಒಳಗೇ ಕೂತಿದೆ. ನಮ್ಮ ಆಫೀಸಿನ ಹುಡುಗಿಯೊಬ್ಬಳು ಊಟದ ಹೊತ್ತಿಗೆ ಒಬ್ಬರ ದೊಡ್ಡ ಡಬ್ಬಿ ನೋಡಿ ಏನೋ ಅಂದಳು. ಅವರ ಮುಖ ಸಣ್ಣದಾಯಿತು. ಇವಳು ತನ್ನ ಡಬ್ಬಿಯ ಮುಚ್ಚಳ ಕೈಯಲ್ಲಿರುವಾಗಲೇ "ಚುಕ್ಲಂ ಮಾಝಂ, ನಾನು ಹಾಗೆ ಅನ್ನಬಾರದಿತ್ತು" ಅಂದಳು, ಎಲ್ಲರ ಎದುರಿಗೇ. ಆಮೇಲೆ ಇಬ್ಬರೂ ಉಪ್ಪಿನಕಾಯಿ ಹಂಚಿಕೊಂಡರು. ಹತ್ತು ಸೆಕೆಂಡೂ ಹಿಡಿಯಲಿಲ್ಲ. ಅವಳಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು.

ಮಾವಶಿಯಿಂದ ಮರುದಿನ ವಾಯ್ಸ್ ಮೆಸೇಜ್ ಬಂತು. ನಾಲ್ಕು ಸೆಕೆಂಡಿನದು. "ಇರ್ಲಿ ಬಿಡ್ರಿ ಸಾಹೇಬ್ರ."

ಇರ್ಲಿ ಬಿಡಿ ಅನ್ನುವುದನ್ನು ಎರಡು ಥರ ಹೇಳಬಹುದು. ಬಾಗಿಲು ತೆರೆದು ಹೇಳುವುದು ಒಂದು, ಬಾಗಿಲು ಹಾಕಿಕೊಂಡು ಹೇಳುವುದು ಇನ್ನೊಂದು. ಹೆಂಡತಿಗೂ ಆ ಮೆಸೇಜ್ ಹಾಕಿ ಕೇಳಿಸಿದೆ. ಅವಳು ಏನೂ ಅನ್ನಲಿಲ್ಲ, ನನ್ನ ಚಪ್ಪಲಿ ತಂದು ಬಾಗಿಲ ಹತ್ತಿರ ಇಟ್ಟಳು.

ಹೋದೆ. ಬಾಗಿಲು ತೆರೆದರು. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು, ಮೊಮ್ಮಗಳು ಶಾಲೆಗೆ. ನಾನು ಕೂರುವುದಕ್ಕೂ ಮೊದಲೇ ಹೇಳಿದೆ. ನಾನು ನಿಮ್ಮ ಮಾತನ್ನು ಎಲ್ಲರ ಮುಂದೆ ಆಡಿಕೊಂಡೆ, ಅದು ತಪ್ಪು, ಅವತ್ತೇ ಬಂದು ಹೇಳಬೇಕಿತ್ತು, ಹೆದರಿ ಮೂರು ವಾರ ತಪ್ಪಿಸಿಕೊಂಡು ಓಡಾಡಿದೆ ಅಂತ. ಮಾವಶಿ ಸುಮ್ಮನೆ ಕೇಳಿದರು. ಆಮೇಲೆ ಒಳಗೆ ಹೋಗಿ ಚಹಾ ಇಟ್ಟು ಬಂದರು. ಚಹಾ ಕುದಿಯುವ ತನಕ ಏನೂ ಮಾತಿಲ್ಲ. ಆಮೇಲೆ ಕೇಳಿದರು, "ನೀವು ನನಗ ಮಾವಶಿ ಅಂತೀರಲ್ರಿ, ಅದು ಕನ್ನಡ ಏನ್ರಿ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಜ, ಅದು ಮರಾಠಿಯ ಮಾತೇ, ಚಿಕ್ಕಮ್ಮ ಅಂತ. ಇಷ್ಟು ವರ್ಷ ದಿನಾ ಕರೆದಿದ್ದೇನೆ, ಒಂದು ದಿನವೂ ಹೊಳೆದಿರಲಿಲ್ಲ.

ಅವತ್ತು ಅವರು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಸ್ವಲ್ಪ ಹೇಳುತ್ತೇನೆ. ಮದುವೆಯಾಗಿ ಅವರು ಬಂದದ್ದು ಮುಂಬಯಿಯ ಲಾಲ್‌ಬಾಗಿನ ಚಾಳಿಗೆ. ಗಂಡ ಬಟ್ಟೆ ಗಿರಣಿಯಲ್ಲಿದ್ದರು. ಸುತ್ತ ಎಲ್ಲ ಮರಾಠಿ, ಅಲ್ಲಿ ಇವರು "ಕಾನಡಿ". ಕನ್ನಡ ಮಾತಾಡಲು ಇದ್ದದ್ದು ಗಂಡ ಒಬ್ಬರೇ, ಅದೂ ಪಾಳಿ ಮುಗಿಸಿ ಬಂದ ಮೇಲೆ. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾಯಿತಲ್ಲ, ಕಾರ್ಮಿಕ ನಾಯಕ ದತ್ತಾ ಸಾಮಂತರದ್ದು, ಎರಡೂವರೆ ಲಕ್ಷದಷ್ಟು ಕೆಲಸಗಾರರು ಹೊರಗೆ ಬಂದದ್ದು, ಅದರಲ್ಲಿ ಇವರ ಗಂಡನ ಕೆಲಸವೂ ಹೋಯಿತು. ಆಮೇಲೆ ಸಿಕ್ಕಿದ್ದು ಮಾಡಿಕೊಂಡು ಡೊಂಬಿವಲಿಗೆ ಬಂದರು. ಮಗ ಮರಾಠಿಯಲ್ಲಿ ಓದಿದ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಕನ್ನಡ ಮಾತಾಡುವವರು ಇವರೊಬ್ಬರೇ ಉಳಿದರು. ಒಬ್ಬರೇ ಇದ್ದರೆ ಅದು ಮಾತಾ? ಆಮೇಲೆ ಮೊಮ್ಮಗಳು ಹುಟ್ಟಿದಳು. ಅವಳಿಗೆ ಇವರು ಮೊದಲ ದಿನದಿಂದ ಕನ್ನಡದಲ್ಲೇ ಮಾತಾಡಿದರು, ಒಂದೊಂದೇ ಮಾತು, ಬಾ, ಉಣ್ಣು, ಬ್ಯಾಡ, ಯಾಕ. ಒಂಬತ್ತು ವರ್ಷದ ಹುಡುಗಿ ಪೂರ್ತಿ ಅಲ್ಲದಿದ್ದರೂ ತಿರುಗಿ ಉತ್ತರ ಕೊಡುತ್ತಿದ್ದಳು.

ಪೂಜೆಯ ದಿನ ಆ ಹುಡುಗಿ ಅಜ್ಜಿಯ ಪಕ್ಕದಲ್ಲೇ ಊಟಕ್ಕೆ ಕೂತಿದ್ದಳು. ನಾನೇ ಅವಳಿಗೆ ಎರಡು ಹಪ್ಪಳ ಹಾಕಿದ್ದೆ. ಎಲ್ಲರೂ ನಕ್ಕಾಗ ಅವಳೂ ನಕ್ಕಳು.

"ನೀವು ಅಂದಿದ್ರಾಗ ಆ ಒಂದ ಮಾತು ಅಕೀಗಿ ಪೂರಾ ತಿಳೀತು ನೋಡ್ರಿ, ಸಬ್‌ಟೈಟಲ್" ಅಂದರು ಮಾವಶಿ.

ಅವತ್ತಿನಿಂದ ಮನೆಯಲ್ಲಿ ಅಜ್ಜಿ ಬಾಯಿ ತೆರೆದರೆ ಸಾಕು, ಹುಡುಗಿ "ಆಜೀ, ಸಬ್‌ಟೈಟಲ್!" ಅಂತ ಕೂಗುತ್ತಾಳಂತೆ. ಮಗನೂ ಸೊಸೆಯೂ ನಗುತ್ತಾರಂತೆ. ಯಾರದೂ ಕೆಟ್ಟ ಮನಸ್ಸಲ್ಲ. ಮಕ್ಕಳಿಗೆ ಒಂದು ತಮಾಷೆ ಸಿಕ್ಕಿದರೆ ಗೊತ್ತಲ್ಲ, ಸವೆಯುವ ತನಕ ಬಿಡುವುದಿಲ್ಲ. ಎರಡು ವಾರ ಹೀಗಾದ ಮೇಲೆ ಮಾವಶಿ ಅವಳ ಜೊತೆ ಹಿಂದಿಯಲ್ಲೇ ಮಾತಾಡಲು ಶುರು ಮಾಡಿದ್ದರು. "ಯಾಕ ಸುಳ್ಳ ನಗಿಸ್ಕೋಬೇಕ್ರಿ."

ನಾನು ಅಂದುಕೊಂಡಿದ್ದು ಬೇರೆ. ಅವತ್ತು ಅವರ ಮನಸ್ಸಿಗೆ ಒಂದು ಸಲ ನೋವಾಯಿತು, ಅದು ಅಲ್ಲೇ ನಿಂತಿದೆ, ನಾನು ಯಾವಾಗ ಹೋಗಿ ಒರೆಸಿದರೂ ಒಂದೇ ಅಂತ. ಆದರೆ ನಾನು ಕೆಳಗೆ ಮೂರನೇ ಮಹಡಿಯಲ್ಲಿ ನಾಳೆ ಹೋದರಾಯಿತು, ಭಾನುವಾರ ಹೋದರಾಯಿತು ಅಂತ ಕೂತಿದ್ದಾಗ ಐದನೇ ಮಹಡಿಯಲ್ಲಿ ನನ್ನ ತಮಾಷೆ ದಿನಾ ನಡೆಯುತ್ತಿತ್ತು. ನಾನಿಲ್ಲದೆಯೂ.

ಹೊರಡುವಾಗ ಅವರು ಅಂದ ಮಾತು ಇದು. "ಅಲ್ಲೇ ಅಂದಿದ್ದರ ಆಗತಿತ್ರಿ. ಎಲ್ಲಾರೂ ಇದ್ದರು, ಅಕೀನೂ ಇದ್ದಳು. ಈಗ ನಾ ಒಬ್ಬಾಕೀನ ಕೇಳಿ ಏನ್ ಮಾಡ್ಲಿ?" ಕೋಪದಿಂದ ಹೇಳಲಿಲ್ಲ. ಬಸ್ ಹೋಯಿತು ಅಂತ ಹೇಳುತ್ತಾರಲ್ಲ, ಆ ಥರ.

ಕೆಲವರು ಹೇಳುತ್ತಾರೆ, ಸ್ವಲ್ಪ ದಿನ ಬಿಡಿ, ತಣ್ಣಗಾಗಲಿ, ಆಮೇಲೆ ಹೋಗಿ ಮಾತಾಡಿ ಅಂತ. ಇಬ್ಬರೂ ಕೂಗಾಡಿದ ಜಗಳಕ್ಕೆ ಅದು ಸರಿ ಇರಬಹುದು, ಇಬ್ಬರಲ್ಲೂ ಬಿಸಿ ಇರುತ್ತದೆ. ಆದರೆ ಬಾಯಿತಪ್ಪಿ ಒಂದು ಮಾತು ಆಡಿದವನಲ್ಲಿ ತಣ್ಣಗಾಗಲು ಏನಿದೆ? ನನ್ನಲ್ಲಿ ಏನೂ ಬಿಸಿ ಇರಲಿಲ್ಲ, ನಾನು ಆರಾಮಾಗಿ ಇನ್ನೊಬ್ಬರಿಗೆ ಅನ್ನ ಬಡಿಸುತ್ತಿದ್ದೆ. ಕಾಯುವುದರಿಂದ ಲಾಭ ಆಗುವುದು ಹೇಳಬೇಕಾದವನಿಗೆ ಮಾತ್ರ. ಇನ್ನು ಕೆಲವರು ತಕ್ಷಣ ಹೇಳುತ್ತಾರೆ, ಆದರೆ ಹೇಗೆ ಅಂದರೆ, ಅಯ್ಯೋ ನಾನೆಂಥ ಪಾಪಿ, ನನ್ನ ಬಾಯಿಗೆ ಬೆಂಕಿ ಹಾಕ, ಅಂತ ಅಷ್ಟು ಒದ್ದಾಡುತ್ತಾರೆ. ಕೊನೆಗೆ ನೊಂದವರೇ ಎದ್ದು ಅವರಿಗೆ ನೀರು ಕೊಟ್ಟು ಸಮಾಧಾನ ಮಾಡಬೇಕು. ನಮ್ಮ ನೆಂಟರಲ್ಲೇ ಒಬ್ಬರಿದ್ದಾರೆ. ಅವರು ತಪ್ಪು ಮಾಡಿದರೂ ಕಷ್ಟ, ಒಪ್ಪಿಕೊಂಡರೆ ಇನ್ನೂ ಕಷ್ಟ.

ಸಾರಿ ಅನ್ನುವ ಮಾತಿನ ಬಗ್ಗೆ ಆ ದಿನ ಮೆಟ್ಟಿಲು ಇಳಿಯುತ್ತಾ ಒಂದು ವಿಚಾರ ಬಂತು. ಇಂಗ್ಲಿಷಿನ ಸಾರಿ ಬರುವುದಕ್ಕೆ ಎಷ್ಟೋ ಮೊದಲೇ ಕನ್ನಡದಲ್ಲಿ "ಸಾರಿ ಹೇಳುವುದು" ಅಂತ ಇದೆ ಅಲ್ವಾ? ಡಂಗುರ ಸಾರುವುದು. ಊರ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳುವುದು. ಎರಡಕ್ಕೂ ಸಂಬಂಧ ಇಲ್ಲ, ನನಗೂ ಗೊತ್ತು. ಆದರೂ ನಾನು ಹೇಳಬೇಕಾಗಿದ್ದದ್ದು ಆ ಹಳೆಯ ಸಾರಿ. ಎಲ್ಲರ ಮುಂದೆ ಆಡಿಕೊಂಡು, ಒಬ್ಬರೇ ಇದ್ದಾಗ ಹೋಗಿ ತಪ್ಪು ಒಪ್ಪಿದರೆ ಲೆಕ್ಕ ಕೂಡುವುದಿಲ್ಲ.

ಆ ವಾರವೇ ಬಿಲ್ಡಿಂಗಿನ ಗಣಪತಿ ಇತ್ತು. ಸಂಜೆ ಆರತಿ ಮುಗಿದು ಖಿರಾಪತ್, ಅಂದರೆ ಪ್ರಸಾದ, ಹಂಚುವಾಗ ನಮ್ಮ ಕನ್ನಡದವರು ಎಂದಿನ ಹಾಗೆ ಒಂದು ಮೂಲೆಯಲ್ಲಿ ಸೇರಿದ್ದರು. ಪೂಜೆಗೆ ಬಂದವರಲ್ಲಿ ಅರ್ಧ ಜನ ಇರಲಿಲ್ಲ. ಹುಡುಗಿ ಇದ್ದಳು, ಮಾವಶಿ ಹಿಂದೆ ಕುರ್ಚಿಯಲ್ಲಿ ಕೂತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಮೊದಲು ಕನ್ನಡದಲ್ಲಿ ಹೇಳಿದೆ. ಆಮೇಲೆ ಹುಡುಗಿಯ ಕಡೆ ತಿರುಗಿ ಹಿಂದಿಯಲ್ಲಿ. ಅವತ್ತು ನಾನು ಅಜ್ಜಿಯ ಮಾತಿಗೆ ನಕ್ಕದ್ದು ತಪ್ಪು, ನಾನು ಕನ್ನಡ ಕಲಿತದ್ದು ಶಾಲೆಯಲ್ಲಿ, ನೀನು ಇಂಗ್ಲಿಷ್ ಕಲಿತ ಹಾಗೆ, ನಿನ್ನ ಅಜ್ಜಿಯದು ಹುಟ್ಟಿದಾಗಿನಿಂದ ಬಂದದ್ದು, ಸಬ್‌ಟೈಟಲ್ ಬೇಕಾದದ್ದು ನನಗೆ, ಅಂತೆಲ್ಲ. ಹಿಂದೆ ಧ್ವನಿವರ್ಧಕದಲ್ಲಿ ಬೇರೆ ಯಾವುದೋ ಹಾಡು ಶುರುವಾಗಿತ್ತು, ಅರ್ಧ ಕೂಗಿಯೇ ಹೇಳಬೇಕಾಯಿತು. ಬಹಳ ಪೆಚ್ಚುಪೆಚ್ಚಾಗಿತ್ತು. ಒಬ್ಬರು "ಬಿಡಿ ಮಾರಾಯ್ರೆ, ಅದೆಲ್ಲ ಯಾರಿಗೆ ನೆನಪುಂಟು" ಅಂದರು. ಹುಬ್ಬಳ್ಳಿಯವರು ಮಾತ್ರ "ನಾವೂ ನಕ್ಕೇವಿ ಬಿಡ್ರಿ" ಅಂದು ಮಾವಶಿಯ ಕಡೆ ನೋಡಿದರು. ಮಾವಶಿ ಸೆರಗು ಸರಿಮಾಡಿಕೊಂಡರು, ಏನೂ ಹೇಳಲಿಲ್ಲ. ಹುಡುಗಿ ನನ್ನ ಮುಖವನ್ನೇ ನೋಡುತ್ತಾ ಕೊಬ್ಬರಿ ಸಕ್ಕರೆ ಬಾಯಿಗೆ ಹಾಕಿಕೊಂಡಳು.

ಇದಾಗಿ ಕೆಲವು ತಿಂಗಳಾಯಿತು. ಮಾವಶಿ ಈಗ ಒಮ್ಮೊಮ್ಮೆ ತಮ್ಮಾ ಅನ್ನುತ್ತಾರೆ, ಒಮ್ಮೊಮ್ಮೆ ಸಾಹೇಬ್ರ. ಯಾವಾಗ ಯಾವುದು ಅಂತ ನನಗೆ ಇನ್ನೂ ತಿಳಿದಿಲ್ಲ. ಸಂಕ್ರಾಂತಿಗೆ ನಾವು ಎಳ್ಳು ಬೆಲ್ಲ ತೆಗೆದುಕೊಂಡು ಹೋದೆವು, ಅವರು ಶೇಂಗಾ ಹೋಳಿಗೆ ಕೊಟ್ಟರು. ಹುಡುಗಿ ಒಳಗೆ ಟೀವಿ ನೋಡುತ್ತಿದ್ದಳು.

ಮೊನ್ನೆ ಆಫೀಸಿನಿಂದ ಬರುವಾಗ ಲಿಫ್ಟಿನಲ್ಲಿ ಇಬ್ಬರೂ ಸಿಕ್ಕಿದರು. ಅಜ್ಜಿಯ ಕೈಯಲ್ಲಿ ತರಕಾರಿ, ಹುಡುಗಿಯ ಬೆನ್ನಿನಲ್ಲಿ ಶಾಲೆಯ ಚೀಲ. ಬಾಗಿಲು ಹಾಕಿಕೊಂಡಿತು. ಮಾವಶಿ ಒಮ್ಮೆ ನನ್ನ ಕಡೆ ನೋಡಿ, ಆಮೇಲೆ ಹುಡುಗಿಯನ್ನು ಕನ್ನಡದಲ್ಲೇ ಕೇಳಿದರು, "ಕೀಲಿ ಎಲ್ಲಿ ಇಟ್ಟೀಯವಾ?"

"ಬ್ಯಾಗ್" ಅಂದಳು ಹುಡುಗಿ.

ಅದು ಹಿಂದಿಯೋ, ಮರಾಠಿಯೋ, ಕನ್ನಡವೋ ಗೊತ್ತಾಗಲಿಲ್ಲ. ಮೂರನೇ ಮಹಡಿ ಬಂತು, ಇಳಿದೆ.